ಶೆಡ್ಡಿನ ಸಭೆಗೆ ಶಾಲು, ಹಾರ

ನಮ್ಮ ಯಜಮಾನರು ಕುಡಿಯುತ್ತಿದ್ದರು. ಇದನ್ನು ಹೀಗೆ ಒಂದು ಸಾಲಿನಲ್ಲಿ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಅರವತ್ತರ ದಶಕದಲ್ಲಿ, ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ, ಅದಕ್ಕೆ ನಮ್ಮ ಮನೆಯಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ನಮ್ಮತ್ತೆ ಅದನ್ನು ಪಿತ್ತ ಎನ್ನುತ್ತಿದ್ದರು. ಭಾವನವರು ಆಫೀಸಿನ ಕೆಲಸದ ಒತ್ತಡ ಎನ್ನುತ್ತಿದ್ದರು. ನಾನು ಪಕ್ಕದ ಮನೆಯವರಿಗೆ ‘ಇವರಿಗೆ ತಲೆಸುತ್ತು’ ಎಂದು ಹೇಳಿ, ಅವರು ಮಾಡಿಕೊಟ್ಟ ಶುಂಠಿ ಕಷಾಯವನ್ನು ತಂದು ಹಿತ್ತಲಿನ ಗುಲಾಬಿ ಗಿಡಕ್ಕೆ ಸುರಿಯುತ್ತಿದ್ದೆ. ಆ ಗಿಡಕ್ಕೆ ತಲೆಸುತ್ತು ಎಂದೂ ಬರಲಿಲ್ಲ. ಹೂವೂ ಬಿಡಲಿಲ್ಲ.

ಎರಡು ಸಲ ಅವರು ತಾವಾಗಿಯೇ ಬಿಟ್ಟಿದ್ದರು. ಎರಡು ಸಲವೂ ಅವರನ್ನು ಕೆಡಿಸಿದ್ದು ಹೊಗಳಿಕೆ. ಮೊದಲನೆಯ ಸಲ ಹಬ್ಬದ ಊಟದ ಪಂಕ್ತಿಯಲ್ಲಿ ಭಾವನವರು ಎಲ್ಲರಿಗೂ ಕೇಳುವ ಹಾಗೆ, “ನಮ್ಮ ತಮ್ಮ ಗೆದ್ದುಬಿಟ್ಟ ಕಣ್ರಯ್ಯ, ಎರಡು ತಿಂಗಳಾಯ್ತು,” ಎಂದರು. ಇಪ್ಪತ್ತು ಜನ ಎಲೆಯಿಂದ ತಲೆ ಎತ್ತಿ ಇವರನ್ನು ನೋಡಿದರು. ಪಾಯಸ ಬರುವ ಮೊದಲೇ ಇವರು ಕೈತೊಳೆದು ಹೊರಟುಹೋದರು. ಎರಡನೆಯ ಸಲ ಆಫೀಸಿನಲ್ಲಿ ಮ್ಯಾನೇಜರು ಬೆನ್ನು ತಟ್ಟಿದರಂತೆ. ಆ ಸಂಜೆಯೇ ಮತ್ತೆ ಶುರು. ಆಮೇಲೊಮ್ಮೆ ಹೊಟ್ಟೆನೋವು ಬಂದು ಡಾಕ್ಟರ ಹತ್ತಿರ ಹೋದಾಗ ಅವರು ಇವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿ ಹೇಳಿದರು.

“ಅಮ್ಮ, ಲಿವರ್ ಹಾಳಾಗಿದೆ. ಈಗ ನಿಲ್ಲಿಸಿದ್ರೆ ಉಳೀತಾರೆ. ಇನ್ನೊಂದು ಸಲ ಶುರು ಮಾಡಿದ್ರೆ ನನ್ನ ಹತ್ರ ಕರ್ಕೊಂಡು ಬರಬೇಡಿ. ನನ್ನಿಂದ ಏನೂ ಆಗಲ್ಲ.”

ಇಂಥ ವಿಷಯವನ್ನು ಯಾರ ಹತ್ತಿರ ಹೇಳುವುದು? ನನಗೆ ಹೊಳೆದದ್ದು ಕಾನ್ವೆಂಟಿನಲ್ಲಿ ನನಗೆ ಹೊಲಿಗೆ ಮತ್ತು ಇಂಗ್ಲಿಷ್ ಕಲಿಸಿದ್ದ ಸಿಸ್ಟರ್ ಒಬ್ಬರೇ. ಮಂಗಳೂರಿನ ಕಡೆಯವರು. ಮದುವೆಯಾದ ಮೇಲೂ ವರ್ಷಕ್ಕೊಮ್ಮೆ ನೋಡಲು ಹೋಗುತ್ತಿದ್ದೆ. ಅವರ ಬಿಳಿ ನಿಲುವಂಗಿಯ ತೋಳಿನ ಅಂಚಿಗೆ ಹಾಕಿದ ಗಂಜಿ ಇನ್ನೂ ಹಿಂದಿನಷ್ಟೇ ಗಟ್ಟಿಯಾಗಿತ್ತು. ಮೇಜಿನ ಮೇಲಿನ ಕ್ರೋಷಾ ಬಟ್ಟೆಯ ಒಂದು ಮೂಲೆಯನ್ನು ಹೆಣೆದವಳು ನಾನೇ, ಆ ಮೂಲೆ ಮಾತ್ರ ಸ್ವಲ್ಪ ಸೊಟ್ಟ. ಅದನ್ನೇ ನೋಡುತ್ತ ಮಾತು ತೆಗೆದೆ.

“ಸಿಸ್ಟರ್, ನನ್ನ ಗೆಳತಿಯೊಬ್ಬಳ ಗಂಡ ಕುಡೀತಾರೆ.”

“ಗೆಳತಿಗೆ ಮಕ್ಕಳು ಉಂಟಾ?”

“ಒಬ್ಬಳು ಮಗಳು.”

“ನಿನ್ನ ಮಗಳಷ್ಟೇ ದೊಡ್ಡವಳಾ?”

“ಹೌದು ಸಿಸ್ಟರ್.”

“ಹಾಗಾದ್ರೆ ನಿನ್ನ ಗೆಳತಿಗೆ ಹೇಳು, ಶನಿವಾರ ಸಂಜೆ ಐದೂವರೆಗೆ ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ಚರ್ಚಿನ ಹಿಂದಿನ ಹಾಲಿನಲ್ಲಿ ಒಂದು ಸಭೆ ಸೇರ್ತದೆ. ಕುಡಿತ ಬಿಟ್ಟವರು, ಬಿಡ್ಲಿಕ್ಕೆ ನೋಡುವವರು ಕೂತು ಮಾತಾಡುದು. ಫೀಸಿಲ್ಲ. ಹೆಸರು ಕೇಳುದಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುದಿಲ್ಲ. ಮತ್ತೆ ನಿನ್ನ ಗೆಳತಿ ಮುಂದಿನ ಸಲ ಅವಳದ್ದೇ ಕರವಸ್ತ್ರ ತರಲಿ, ನನ್ನದು ಪೂರ್ತಿ ಒದ್ದೆ ಮಾಡಿದ್ದಾಳೆ.”

ಶನಿವಾರ ಇವರನ್ನು ಹೊರಡಿಸಿಕೊಂಡು ಹೋದೆ. ಹಾಲಿನಲ್ಲಿ ಹತ್ತು ಹನ್ನೆರಡು ಗಂಡಸರಿದ್ದರು, ಹೆಚ್ಚಿನವರು ಆಂಗ್ಲೋ ಇಂಡಿಯನ್ನರು. ಅವರಿಗೆಲ್ಲ ದೊಡ್ಡಣ್ಣನ ಹಾಗಿದ್ದವರು ರೈಲ್ವೆಯಲ್ಲಿ ಎಂಜಿನ್ ಓಡಿಸಿ ನಿವೃತ್ತರಾದ ಒಬ್ಬ ಭಾರಿ ಆಸಾಮಿ. ನಾವು ಅವರನ್ನು ರೈಲ್ವೆ ಸಾಹೇಬರು ಎಂದು ಕರೆಯತೊಡಗಿದೆವು. ಅವರು ಎದ್ದು ಬಂದು ನಮ್ಮವರನ್ನು ತಬ್ಬಿಕೊಂಡರು. ನಮ್ಮವರ ಮನೆತನದಲ್ಲಿ ಮಗ ಪರದೇಶದಿಂದ ಬಂದರೂ ತಬ್ಬಿಕೊಳ್ಳುವ ಪದ್ಧತಿಯಿಲ್ಲ, ದೂರದಿಂದಲೇ ‘ಸ್ನಾನ ಆಯ್ತಾ’ ಎಂದು ಕೇಳುತ್ತಾರೆ. ಇವರು ಎರಡು ಕೈಯನ್ನೂ ಪಕ್ಕಕ್ಕೆ ಬಿಟ್ಟು ಕಂಬದ ಹಾಗೆ ನಿಂತಿದ್ದರು. ಆಮೇಲೆ ಒಬ್ಬರು ತಟ್ಟೆಯಲ್ಲಿ ಕೇಕು ತಂದುಕೊಟ್ಟರು. ಇವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಡೆ ಬಾಗಿ ಪಿಸುಗುಟ್ಟಿದರು.

“ಇದ್ರಲ್ಲಿ ಮೊಟ್ಟೆ ಇದ್ಯಾ ಕೇಳು.”

ನಾನು ಇವರ ಮುಖವನ್ನೇ ನೋಡಿದೆ. ಏಳು ವರ್ಷ ರಮ್ಮು, ಬ್ರಾಂದಿ, ಏನು ಸಿಕ್ಕಿದರೆ ಅದನ್ನು ಕುಡಿದ ಮನುಷ್ಯ.

“ಏನ್ ನೋಡ್ತೀಯ, ಮಡಿವಂತರ ಮನೆ ನಮ್ಮದು,” ಎಂದು ಕೇಕನ್ನು ಮೆಲ್ಲಗೆ ನನ್ನ ತಟ್ಟೆಗೆ ದಾಟಿಸಿದರು.

ಆದರೂ ಆ ಸಭೆ ಇವರಿಗೆ ಹಿಡಿಸಿತು. ಅಲ್ಲಿ ಯಾರೂ ಬುದ್ಧಿ ಹೇಳುತ್ತಿರಲಿಲ್ಲ, ಅದಕ್ಕಿಂತ ಮುಖ್ಯವಾಗಿ ಯಾರೂ ಹೊಗಳುತ್ತಿರಲಿಲ್ಲ. ಒಬ್ಬ ತನ್ನ ಕಥೆ ಹೇಳಿದರೆ ಉಳಿದವರು ತಲೆಯಾಡಿಸಿ ಟೀ ಕುಡಿಯುತ್ತಿದ್ದರು, ಅಷ್ಟೇ. ನಾಲ್ಕು ಶನಿವಾರ ಹೋಗಿಬಂದೆವು. ಐದನೆಯ ಶನಿವಾರ ಮಗಳಿಗೆ ಜ್ವರ, ಇವರೊಬ್ಬರೇ ಹೋದರು. ಜಯನಗರದಿಂದ ದಂಡಿಗೆ ಎರಡು ಬಸ್ಸು, ನಡುವೆ ಮಾರ್ಕೆಟ್ಟಿನಲ್ಲಿ ಇಳಿದು ಹತ್ತಬೇಕು. ಇಳಿಯುವ ಜಾಗಕ್ಕೂ ಹತ್ತುವ ಜಾಗಕ್ಕೂ ನಡುವೆ ಮೂರು ಬ್ರಾಂದಿ ಅಂಗಡಿ. ಕುಡಿತ ಬಿಡುವ ಸಭೆಗೆ ಹೋಗಿ ಬಂದರೆ ಆರು ಅಂಗಡಿಗಳನ್ನು ದಾಟಿದ ಲೆಕ್ಕ. ಇವರು ಹೋಗುವಾಗ ಮೂರನ್ನೂ ದಾಟಿದರು. ಬರುವಾಗ ಎರಡನ್ನು ದಾಟಿದರು. ಜಟಕಾದಲ್ಲಿ ಬಂದಿಳಿದು, ಕುದುರೆಗೆ ಕೈಮುಗಿದು, ಅದರ ಹತ್ತಿರ ಕ್ಷಮೆ ಕೇಳಿದರು.

ಭಾನುವಾರ ರೈಲ್ವೆ ಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಮನೆಗೇ ಬಂದರು. ನಾನು ಹಿಂದಿನ ರಾತ್ರಿಯದನ್ನು ಹೇಳಿದರೂ ಇವರ ಮೇಲೆ ಸಿಟ್ಟಾಗಲಿಲ್ಲ. ಮೂರು ತಟ್ಟೆ ಚಿತ್ರಾನ್ನ ತಿಂದು, ಸಭೆ ದೂರವಾಯಿತು, ಇಲ್ಲೇ ಒಂದು ಶುರುಮಾಡಿ, ನಾಲ್ಕು ಜನರಿಗೆ ಕೂರಲು ಜಾಗ, ಒಂದು ಕೆಟಲ್ಲು ಇದ್ದರೆ ಸಾಕು, ವಾರಕ್ಕೊಮ್ಮೆ ನಾನು ಬರುತ್ತೇನೆ ಎಂದರು. ಕೆಟಲ್ಲು ನಮ್ಮಲ್ಲಿತ್ತು. ಜಾಗವಿರಲಿಲ್ಲ.

ನಾವಿದ್ದದ್ದು ಬಾಡಿಗೆ ಮನೆ. ಮಾಲೀಕರು ಯಡಿಯೂರಿನ ಹಳೆಯ ಒಕ್ಕಲು ಮನೆತನದವರು. ಬಡಾವಣೆಗೆ ಹೋಗಿ ಉಳಿದ ನೆಲದಲ್ಲಿ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಮ್ಮ ಕಾಂಪೌಂಡಿನ ಹಿಂದೆ ಅವರದೊಂದು ಹುಲ್ಲಿನ ಶೆಡ್ಡಿತ್ತು. ಕೇಳಲು ಹೋದೆ.

“ಶೆಡ್ಡು ಯಾಕವ್ವಾ? ಎಮ್ಮೆ ಕಟ್ತೀರಾ?”

“ಇಲ್ಲ, ವಾರಕ್ಕೊಂದು ಸಲ ನಾಲ್ಕು ಜನ ಕೂತು ಮಾತಾಡೋಕೆ.”

“ಮಾತಾಡಾಕೆ ಜಗಲಿ ಕಟ್ಸಿಲ್ವಾ ನಾನು?”

“ಅದು ಜಗಲೀಲಿ ಕೂತು ಆಡೋ ಮಾತಲ್ಲ.”

ಬೇರೆ ದಾರಿಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮನೆ ಖಾಲಿ ಮಾಡಿ ಎನ್ನುತ್ತಾರೆಂದು ಹೆದರಿಕೆ. ಅವರು ಒಳಮನೆಯ ಬಾಗಿಲನ್ನು ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, “ನಮ್ ತಮ್ಮನ್ನೂ ಸೇರಿಸ್ಕತಾರಾ ಕೇಳಿ,” ಎಂದರು.

ಹೀಗೆ ಗುರುವಾರ ಸಂಜೆ ಆರಕ್ಕೆ ಶೆಡ್ಡಿನಲ್ಲಿ ಸಭೆ ಶುರುವಾಯಿತು. ಹುಲ್ಲನ್ನು ಒಂದು ಮೂಲೆಗೆ ಒತ್ತಿ ಜಮಖಾನೆ ಹಾಸಿದೆವು. ರೈಲ್ವೆ ಸಾಹೇಬರಿಗೆ ಕನ್ನಡ ಬಾರದು, ಮಾಲೀಕರ ತಮ್ಮನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು ಅನುವಾದ ಮಾಡುವುದು ನನ್ನ ಕೆಲಸ. ಸಾಹೇಬರ ಇಂಗ್ಲಿಷಿನಲ್ಲಿ ಹತ್ತು ಪದಕ್ಕೆ ನಾಲ್ಕು ನಮ್ಮ ಸಿಸ್ಟರ್ ಕಲಿಸದೇ ಇದ್ದವು. ಕೆಲವನ್ನು ಊಹಿಸಿಕೊಂಡೆ, ಊಹಿಸಿಕೊಂಡದ್ದಕ್ಕೆ ಕಿವಿ ಬಿಸಿಯಾಯಿತು. ಅವನ್ನೆಲ್ಲ ಬಿಟ್ಟು ಹೇಳಿದರೆ ಅವರ ಕುಡುಕ ಜೀವನ ಬಹಳ ಸಾತ್ವಿಕವಾಗಿ ಕೇಳಿಸುತ್ತಿತ್ತು.

ಮಾಲೀಕರ ತಮ್ಮ ಅನುಮಾನದಿಂದ ಕೇಳಿದ. “ಅಕ್ಕ, ಅವರು ಅಷ್ಟೊತ್ತು ಕೈಕಾಲು ಆಡಿಸಿ ಹೇಳಿದ್ರು. ನೀವು ‘ಆ ರಾತ್ರಿ ಅವರಿಗೆ ಬೇಜಾರಾಯಿತು’ ಅಂತ ಮುಗಿಸ್ಬುಟ್ರಿ.”

“ಮುಖ್ಯವಾದ್ದು ಅಷ್ಟೇ,” ಎಂದೆ.

ಸಾಹೇಬರು ನನ್ನನ್ನು ನೋಡಿ ಕಣ್ಣು ಮಿಟುಕಿಸಿ, ಟೀ ಕುಡಿಯುವ ಹಾಗೆ ನಮ್ಮ ಫಿಲ್ಟರ್ ಕಾಫಿಯನ್ನು ಗುಟುಕರಿಸಿದರು. ಮಾಲೀಕರ ತಮ್ಮ ನಕ್ಕ. ನಕ್ಕ ಮೇಲೆ ಮಾತು ಬಂತು. ಹೊಲ ಹೋದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕೆಂದು ತಿಳಿಯದೆ ಹೆಂಡದಂಗಡಿಗೆ ಹೋಗಿ ಕೂರುತ್ತಿದ್ದೆ ಎಂದು ಹೇಳಿದ. ನಮ್ಮವರೂ ಆ ದಿನ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಶೆಡ್ಡಿನಲ್ಲಿ ಕೇಳಿದ್ದು ಹೊರಗೆ ಬರಬಾರದು.

ಬೀದಿಯವರು ಇದಕ್ಕೊಂದು ಅರ್ಥ ಹಚ್ಚಿದರು. ಗುರುವಾರ, ಜಮಖಾನೆ, ಕಾಫಿ, ತಗ್ಗಿದ ದನಿ. ಗೀತಾ ಕ್ಲಾಸ್ ನಡೆಯುತ್ತಿದೆ ಎಂದು ತೀರ್ಮಾನವಾಯಿತು. ಮೂರನೆಯ ವಾರ ಎದುರುಮನೆಯ ನಿವೃತ್ತ ಹೆಡ್ಮಾಸ್ಟರು ಪಂಚೆ ಉಟ್ಟು, ರಟ್ಟು ಹಾಕಿಸಿದ ಗೀತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಸಾಹೇಬರ ಪಕ್ಕದಲ್ಲೇ ಕೂತರು.

“ಎಷ್ಟನೇ ಅಧ್ಯಾಯ ನಡೀತಿದೆ?” ಎಂದು ನನ್ನನ್ನು ಕೇಳಿದರು.

ನಾನು ಅವರಿಗೆ ಕಾಫಿ ಬಗ್ಗಿಸುವಷ್ಟರಲ್ಲಿ ಮಾಲೀಕರ ತಮ್ಮ ತನ್ನ ಕಥೆ ಶುರುಮಾಡಿಬಿಟ್ಟ. ಮೇಷ್ಟ್ರು ಅರ್ಧ ಗಂಟೆ ಅಲ್ಲಾಡದೆ ಕೇಳಿದರು. ಎದ್ದು ಹೋಗುತ್ತಾರೆ, ಹೋಗಿ ಬೀದಿಗೆಲ್ಲ ಸಾರುತ್ತಾರೆ ಎಂದುಕೊಂಡೆ. ಅವರು ಗೀತೆಯನ್ನು ಮಡಿಲಲ್ಲಿ ಮಗುಚಿಟ್ಟು, ಸೊಂಟದಿಂದ ಬೆಳ್ಳಿಯ ಡಬ್ಬಿ ತೆಗೆದು ನಡುವೆ ಇಟ್ಟರು.

“ನಾನು ಹೆಂಡ ಮುಟ್ಟಿದವನಲ್ಲ. ನನಗಿರೋದು ನಸ್ಯ. ನಲವತ್ತು ವರ್ಷದಿಂದ. ನಮ್ಮನೆಯೋಳು ನನ್ನ ಕರವಸ್ತ್ರ ಒಗೆಯಲ್ಲ ಅಂತ ಶಪಥ ಮಾಡಿದಾಳೆ. ನನ್ನನ್ನೂ ಸೇರಿಸ್ಕೋತೀರಾ?”

ನಾನು ಅನುವಾದಿಸಿದೆ. ಸಾಹೇಬರು ಡಬ್ಬಿಯನ್ನು ತೆರೆದು ಮೂಸಿ ಏಳು ಸಲ ಸೀನಿ, ಇದು ಹೆಂಡಕ್ಕಿಂತ ಕೆಟ್ಟದ್ದು, ಖಂಡಿತ ಸೇರಿಸಿಕೊಳ್ಳೋಣ ಎಂದರು.

ಐದು ತಿಂಗಳು ಹೀಗೆ ನಡೆಯಿತು. ನಮ್ಮವರು ಮುಟ್ಟಲಿಲ್ಲ. ಮುಖಕ್ಕೆ ಬಣ್ಣ ಬಂತು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ಮಟ್ಟಿಗೆ ನಾಲಿಗೆ ಚೇತರಿಸಿಕೊಂಡಿತು. ನಾನು ಒಂದು ಸಲವೂ ‘ಚೆನ್ನಾಗಿದೀರಿ’ ಎನ್ನಲಿಲ್ಲ. ಹೊಗಳಿಕೆ ಬಾಯಿತುದಿಗೆ ಬಂದಾಗಲೆಲ್ಲ ಅಡುಗೆಮನೆಗೆ ಹೋಗಿ ಪಾತ್ರೆ ಜೋಡಿಸುತ್ತಿದ್ದೆ. ನಮ್ಮನೆಯ ಪಾತ್ರೆಗಳು ಅಷ್ಟು ಅಚ್ಚುಕಟ್ಟಾಗಿ ಮತ್ತೆಂದೂ ಇರಲಿಲ್ಲ.

ಆದರೆ ಮಾಲೀಕರ ಸಂತೋಷವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಮ್ಮ ಸುಧಾರಿಸಿದ. ಅವರಿಗೆ ತಿಳಿದ ಪ್ರಕಾರ ಒಬ್ಬ ಮನುಷ್ಯ ಒಳ್ಳೆಯದು ಮಾಡಿದರೆ ಅವನಿಗೆ ಶಾಲು ಹೊದಿಸಬೇಕು, ಹಾರ ಹಾಕಬೇಕು, ಹಣ್ಣಿನ ತಟ್ಟೆ ಕೊಡಬೇಕು, ಮೈಕಿನಲ್ಲಿ ನಾಲ್ಕು ಮಾತಾಡಬೇಕು. ಸ್ಕೂಲಿಗೆ ಜಾಗ ಕೊಟ್ಟಾಗ ಅವರಿಗೂ ಹಾಗೇ ಮಾಡಿದ್ದರು. ಆ ಶಾಲು ಇನ್ನೂ ಅವರ ಬೀರುವಿನಲ್ಲಿತ್ತು, ನನಗೆ ಎರಡು ಸಲ ತೋರಿಸಿದ್ದರು. ಸನ್ಮಾನ ಮಾಡದೆ ಸುಮ್ಮನಿರುವುದು ಅವರ ಮಟ್ಟಿಗೆ ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದ ಹಾಗೆ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಗುಲಾಬಿ ಬಣ್ಣದ ಕರಪತ್ರ ಬಿದ್ದಿತ್ತು. ‘ಮದ್ಯಪಾನ ತ್ಯಜಿಸಿದ ಮಹನೀಯರಿಗೆ ಸಾರ್ವಜನಿಕ ಸನ್ಮಾನ. ಇಂದು ಸಂಜೆ ನಾಲ್ಕು ಗಂಟೆಗೆ. ಸರ್ವರಿಗೂ ಆದರದ ಸ್ವಾಗತ.’ ಸುತ್ತ ಬಳ್ಳಿಯ ಚಿತ್ರ. ಕೆಳಗೆ ನಮ್ಮ ಮನೆಯ ವಿಳಾಸ.

ನಾನು ಓಡಿದೆ. ಮಾಲೀಕರು ಶಾಮಿಯಾನದ ಗೂಟ ಹೊಡೆಸುತ್ತಿದ್ದರು.

“ಏನಿದು? ಅದು ಗುಟ್ಟಿನ ಸಭೆ ಅಂತ ನಿಮಗೆ ಗೊತ್ತಿರಲಿಲ್ವಾ?”

“ಕುಡಿಯೋದು ಗುಟ್ಟವ್ವಾ. ಬುಟ್ಟಿದ್ದು ಯಾಕೆ ಗುಟ್ಟು? ಎಲ್ಲಾ ಮನೆಗೂ ಹಂಚ್ಸಿದೀನಿ. ನಿಮಗೂ ಗೊತ್ತಾಗಬಾರ್ದು, ಖುಷಿಯಾಗ್ಲಿ ಅಂತ ಇವತ್ತೇ ಹಂಚ್ಸಿದ್ದು.”

ನಾನು ಮನೆಗೆ ಬರುವಷ್ಟರಲ್ಲಿ ಇವರ ಕೈಯಲ್ಲೂ ಕರಪತ್ರವಿತ್ತು. ಓದಿ, ನಾಲ್ಕಾಗಿ ಮಡಿಸಿ, ಅರ್ಧ ಕಾಫಿಯನ್ನು ಲೋಟದಲ್ಲೇ ಬಿಟ್ಟು ಎದ್ದರು.

“ಎಲ್ಲಿಗ್ರೀ?”

“ಸ್ವಲ್ಪ ನಡೆದು ಬರ್ತೀನಿ.”

ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಮೂರು ಗಂಟೆಗೂ ಬರಲಿಲ್ಲ. ಪಂಕ್ತಿಯ ಇಪ್ಪತ್ತು ಜನ ನೋಡಿದ್ದಕ್ಕೇ ಪಾಯಸ ಬಿಟ್ಟು ಎದ್ದುಹೋದವರು, ಇಂದು ಬೀದಿಗೆ ಬೀದಿಯೇ ಕುರ್ಚಿ ಹಾಕಿಕೊಂಡು ಕಾಯುತ್ತಿದೆ. ಡಾಕ್ಟರ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹುಡುಕಲು ಹೊರಟೆ.

ಶಾಮಿಯಾನದಲ್ಲಿ ಜಾಗವಿರಲಿಲ್ಲ. ಮೈಕಿನವನು ‘ಹಲೋ, ಹಲೋ’ ಎಂದು ಊದುತ್ತಿದ್ದ. ಮಾಲೀಕರು ನನ್ನನ್ನು ಹಿಡಿದು ನಿಲ್ಲಿಸಿದರು.

“ನಿಮ್ಮೋರೆಲ್ಲಿ? ನಮ್ ತಮ್ಮನೂ ಇಲ್ಲ. ಇಬ್ರೂ ನಾಪತ್ತೆ. ರೈಲ್ವೆ ಸಾಹೇಬ್ರಿಗೂ ಸೇರ್ಸಿ ಮೂರು ಹಾರ ತರ್ಸಿದೀನಿ, ಅವರೂ ಬಂದಿಲ್ಲ, ಬಾಡ್ತಾ ಅವೆ.”

ಮುಂದಿನ ಸಾಲಿನಿಂದ ಮೇಷ್ಟ್ರು ಎದ್ದರು. ಮಲ್ಲಿಗೆಯ ಹಾರವನ್ನೂ ಶಾಲನ್ನೂ ಸೇಬಿನ ತಟ್ಟೆಯನ್ನೂ ಒಮ್ಮೆ ನೋಡಿದರು.

“ನಾನಿದೀನಲ್ಲ,” ಎಂದರು. “ನಾನೂ ತ್ಯಜಿಸಿದವನೇ.”

ಮೂರೂ ಹಾರಗಳು ಅವರ ಕೊರಳಿಗೆ ಬಿದ್ದವು. ನಾನು ಗೇಟು ದಾಟುವಾಗ ಹೆಂಗಸರ ಸಾಲಿನಿಂದ ಅವರ ಹೆಂಡತಿಯ ದನಿ ಮೈಕಿಗಿಂತ ಜೋರಾಗಿ ಕೇಳಿಸಿತು.

“ರೀ, ನೀವು ಯಾವಾಗ್ರೀ ಕುಡಿದಿದ್ದು?”

ಹೊಸಕೆರೆಹಳ್ಳಿಯ ದಾರಿಯಲ್ಲಿ ಒಂದು ಹೆಂಡದಂಗಡಿಯಿತ್ತು. ಇವರ ನಡಿಗೆಯ ಅಳತೆಯಲ್ಲಿ ಹತ್ತಿರದ್ದು ಅದೇ. ರಾಗಿ ಹೊಲದ ಬದುವಿನ ಮೇಲೆ ಸೆರಗು ಬಿಗಿದುಕೊಂಡು ನಡೆದೆ. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಅತ್ತೆ ಹೇಳಿಕೊಟ್ಟ ಸ್ತೋತ್ರವನ್ನೂ ಒಂದಾದ ಮೇಲೊಂದು ಹೇಳಿಕೊಳ್ಳುತ್ತಿದ್ದೆ. ಯಾರಿಗೆ ಕೇಳಿಸಿದರೂ ಸರಿ. ಯಡಿಯೂರು ಕೆರೆಯ ಏರಿ ಹತ್ತಿದರೆ, ಹುಣಿಸೆ ಮರಕ್ಕೆ ಒರಗಿಸಿದ ಮಾಲೀಕರ ತಮ್ಮನ ಸೈಕಲ್ಲು ಕಂಡಿತು. ಮರದ ಆಚೆ ಇಬ್ಬರೂ ನೀರಿನ ಕಡೆ ಮುಖ ಮಾಡಿ ಕೂತಿದ್ದರು. ನಡುವೆ ಬಳ್ಳಿ ಸಮೇತ ಕಿತ್ತ ಹಸಿ ಕಡಲೆಕಾಯಿಯ ರಾಶಿ, ಸುತ್ತ ಸಿಪ್ಪೆ.

ನನ್ನನ್ನು ಕಂಡು ಮಾಲೀಕರ ತಮ್ಮ ಎದ್ದು ನಿಂತ. “ಅಕ್ಕ, ನೀವು ಬಯ್ಯೋದಾದ್ರೆ ನನ್ನ ಬಯ್ಯಿರಿ. ಮೊದ್ಲು ಅಂಗಡಿ ಹತ್ರ ಹೋದೋನು ನಾನು. ಬಾಗಿಲ್ತಾವ ನಿಂತಿದೀನಿ, ಸ್ವಾಮ್ಯೋರು ಬಂದ್ರು.”

“ನಾನು ಸುಮ್ನೆ ಆ ಕಡೆ ಬಂದಿದ್ದೆ,” ಎಂದರು ನಮ್ಮವರು.

“ಹೌದಕ್ಕ, ಅವರೂ ಸುಮ್ನೆ ಬಂದಿದ್ರು, ನಾನೂ ಸುಮ್ನೆ ಬಂದಿದ್ದೆ. ಆದ್ರೆ ದೊಡ್ಡೋರ ಕಣ್ಮುಂದೆ ನಾನು ಹೆಂಗೆ ಒಳಕ್ಕೆ ಹೋಗದು? ‘ನೀವು ಮೊದ್ಲು ಹೋಗಿ ಸ್ವಾಮಿ’ ಅಂದೆ.”

“ಮಾಲೀಕರ ಮನೆ ಹುಡುಗನ ಎದುರಿಗೆ ನಾನು ಹೋಗೋಕಾಗುತ್ತಾ?” ಎಂದರು ಇವರು, ಕಡಲೆಕಾಯಿ ಒಡೆಯುತ್ತ. “ನಾಳೆ ಅವರ ಮುಖ ಹೇಗೆ ನೋಡೋದು? ‘ನೀನು ಹೋಗಪ್ಪ, ನಾನು ಈ ಕಡೆ ತಿರುಗಿ ನಿಂತಿರ್ತೀನಿ’ ಅಂದೆ.”

“ಅದು ಇನ್ನೂ ಮರ್ಯಾದೆಗೇಡು ಅಕ್ಕ, ಅವರನ್ನ ಬಿಸಿಲಲ್ಲಿ ನಿಲ್ಸಿ ನಾನು ಒಳಗೆ ಕೂರೋದು. ‘ತಾವು ನಡೀರಿ’ ಅಂತ ಕೈ ಮುಗಿದೆ. ಅವರು ‘ನೀನು ನಡಿ’ ಅಂತಾರೆ. ಹಿಂಗೇ ಎಷ್ಟೊತ್ತು ಅಂತೀರಿ. ಕೊನೆಗೆ ಅಂಗಡಿಯೋನು ಎದ್ದು ಬಂದು, ‘ಬರೋರು ಬನ್ನಿ, ಇಲ್ದಿದ್ರೆ ಬಾಗಿಲು ಬುಡಿ, ಬೇರೆ ಗಿರಾಕಿಗಳು ನಿಮ್ಮನ್ನ ನೋಡಿ ವಾಪಸ್ಸು ಹೋಯ್ತಾ ಅವ್ರೆ’ ಅಂತ ಬೈದು ಓಡಿಸ್ದ.”

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಗಾಳಿ ತಿರುಗಿದಾಗ ಮೈಕಿನ ದನಿ ತೇಲಿ ಬಂತು. ಮೇಷ್ಟ್ರು ಮಾತಾಡುತ್ತಿದ್ದರು. ಈ ಚಟ ನಲವತ್ತು ವರ್ಷ ನನ್ನನ್ನು ಆಳಿತು, ಬೆಳಿಗ್ಗೆ ಎದ್ದರೆ ಅದೇ, ಪಾಠ ಮಾಡುವಾಗಲೂ ಅದೇ, ತರಗತಿಯಲ್ಲಿ ಮಕ್ಕಳು ಬೆನ್ನು ತಿರುಗಿಸಿ ನಗುತ್ತಿದ್ದರು ಎನ್ನುತ್ತಿದ್ದರು. ಯಾವ ಚಟ ಎಂದು ಮಾತ್ರ ಹೇಳಲಿಲ್ಲ. ಜನ ಸದ್ದಿಲ್ಲದೆ ಕೇಳುತ್ತಿರಬೇಕು, ನಡುನಡುವೆ ಒಂದು ಮಗು ಅಳುವುದು ಬಿಟ್ಟರೆ ಬೇರೆ ಶಬ್ದವಿರಲಿಲ್ಲ. ನಮ್ಮವರ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ನೋಡಿದೆ. ನಗುತ್ತಿದ್ದರು. ಕಡಲೆಕಾಯಿ ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ನನ್ನ ಕಡೆ ತಿರುಗಿದರು. ನಾನು ಏನೂ ಕೇಳಿರಲಿಲ್ಲ. ಆದರೆ ಹದಿನಾಲ್ಕು ವರ್ಷ ಸಂಸಾರ ಮಾಡಿದವರು, ನಾನು ಏನು ಕೇಳದೆ ಕೂತಿದ್ದೇನೆಂದು ಅವರಿಗೆ ತಿಳಿಯುತ್ತಿತ್ತು.

“ಬಾ, ಮೂಸಿ ನೋಡು,” ಎಂದರು.

ಡಾಕ್ಟರ ಮುಂದೆ ಕೂತ ಮಗುವಿನ ಹಾಗೆ ಬಾಯಿ ತೆರೆದರು. ಕೆರೆ ಏರಿಯ ಮೇಲೆ, ಹಾಡುಹಗಲಲ್ಲಿ, ನಾಚಿಕೆ ಬಿಟ್ಟು ಹತ್ತಿರ ಹೋಗಿ ಮೂಸಿದೆ. ಹಸಿ ಕಡಲೆಕಾಯಿಯ ವಾಸನೆ, ಒಂದಿಷ್ಟು ಮಣ್ಣಿನ ವಾಸನೆ. ಮತ್ತೇನೂ ಇರಲಿಲ್ಲ. ಇನ್ನೊಂದು ಸಲ ಮೂಸಿದೆ, ಖಾತ್ರಿಗೆ.

ತಲೆ ಎತ್ತಿದರೆ ಅವರ ಹಿಂದೆ ಮಾಲೀಕರ ತಮ್ಮನೂ ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿ, ಬಾಯಿ ಅಗಲವಾಗಿ ತೆರೆದು ತನ್ನ ಸರದಿಗಾಗಿ ನಿಂತಿದ್ದ.

“ನಿನ್ನದು ನಿನ್ನ ಹೆಂಡತಿಗೆ ತೋರಿಸಪ್ಪ,” ಎಂದೆ. “ನಡೀರಿ, ಇಬ್ಬರೂ ಬೆಳಿಗ್ಗೆಯಿಂದ ಊಟ ಮಾಡಿಲ್ಲ.”